ಪತ್ತನಾಜೆಯಿಂದ ದೀಪಾವಳಿಯವರೆಗೆ: ಕಬಡ್ಡಿ ತಂಡಕ್ಕೊಂದು ಹೆಕ್ಸ್ ಬಾರ್

ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24ರ ಆಸುಪಾಸಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ, ನೇಮ ನಿಲ್ಲುತ್ತವೆ. ಅದರ ಬೆನ್ನಿಗೇ ಮಳೆ ಹಿಡಿದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳೂ ಮುಗಿಯುತ್ತವೆ. ಮತ್ತೆ ಅಂಕಣಕ್ಕೆ ಗೆರೆ ಬೀಳುವುದು ದೀಪಾವಳಿ ಕಳೆದ ಮೇಲೆ. ನಡುವೆ ಸಿಗುವ ಹೆಚ್ಚುಕಡಿಮೆ 22 ವಾರವೇ ತುಳುನಾಡಿನ ತಂಡಗಳಿಗೆ ಆಫ್-ಸೀಸನ್. ಹೆಚ್ಚಿನ ಯುವಕ ಮಂಡಲಗಳು ಬಹುಮಾನದ ದುಡ್ಡಿನಲ್ಲಿ ಒಂದಷ್ಟು ಜಿಮ್ ಸಾಮಾನು ಕೊಳ್ಳಲು ಹೊರಡುವುದೂ ಇದೇ ಹೊತ್ತಿಗೆ. ಕೊಂಡದ್ದರಲ್ಲಿ ಅರ್ಧ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿದು ಮೂಲೆ ಸೇರಿರುತ್ತದೆ.

ಈ ವಿಮರ್ಶೆ ಮುಖ್ಯವಾಗಿ ಒಂದೇ ವಸ್ತುವಿನದು: ಹೆಕ್ಸ್ ಬಾರ್. ಕೆಲವರು ಟ್ರ್ಯಾಪ್ ಬಾರ್ ಅನ್ನುತ್ತಾರೆ. ಆರು ಮೂಲೆಯ ಕಬ್ಬಿಣದ ಚೌಕಟ್ಟು, ನಡುವೆ ನಿಂತು ಎರಡೂ ಬದಿಯ ಹಿಡಿ ಹಿಡಿದು ಎತ್ತುವಂಥದ್ದು. ಅದರ ಜೊತೆಗೆ ಬೇಕಾಗುವ ತೂಕದ ಪ್ಲೇಟು, ನೆಲಹಾಸು, ಮರಳು ಚೀಲ, ಬ್ಯಾಂಡುಗಳ ಬಗ್ಗೆಯೂ ಹೇಳಿದೆ. ಅಳೆಯುವ ಕೋಲು ಒಂದೇ. ಕಬಡ್ಡಿ ತಂಡವೆಂದರೆ ಅಂಕಣದೊಳಗೆ 7, ಹೊರಗೆ 5, ಒಟ್ಟು 12 ಜನ. ಕೆಲಸ ಬಿಟ್ಟು ಬಂದ ಅವರೆಲ್ಲರ ಕೈಗೆ ಸಿಗುವುದು ಸಂಜೆಯ ಒಂದು ಗಂಟೆ. ಆ ಒಂದು ಗಂಟೆಯಲ್ಲಿ 12 ಜನರ ಕೈಗೂ ಬಾರದ ಸಾಮಾನು ಎಷ್ಟು ಚೆಂದವಿದ್ದರೂ ತಂಡಕ್ಕೆ ಉಪಯೋಗವಿಲ್ಲ. ಜೊತೆಗೆ ಉಪ್ಪು ಗಾಳಿಯನ್ನೂ ಅದು ತಡೆಯಬೇಕು.

ತೀರ್ಪು ಮೊದಲೇ ಕೊಡುತ್ತೇವೆ. ದುಡ್ಡು ಒಂದೇ ವಸ್ತುವಿಗೆ ಸಾಕಾಗುವಷ್ಟಿದ್ದರೆ ಹೆಕ್ಸ್ ಬಾರ್ ಮತ್ತು 150 ಕೆಜಿ ಪ್ಲೇಟು ಕೊಳ್ಳಿ. ಉಳಿದದ್ದರಲ್ಲಿ ಮುಕ್ಕಾಲು ಪಾಲನ್ನು ಊರಲ್ಲೇ ಮಾಡಿಕೊಳ್ಳಬಹುದು.

ಯಾಕೆ ಹೆಕ್ಸ್ ಬಾರ್

ಅಂಕಣದ ಅಂಚಿನಲ್ಲಿ ನಿಲ್ಲುವ ಕಾರ್ನರ್ ಆಟಗಾರ, ರೈಡರ್‌ನ ಹಿಮ್ಮಡಿಗಂಟು ಹಿಡಿಯುವ ಆಂಕಲ್ ಹೋಲ್ಡ್‌ಗೆ ಇಳಿಯುವ ಮುಂಚೆ ನಿಲ್ಲುವ ನಿಲುವು ನೋಡಿ. ಮೊಣಕಾಲು ಮಡಿಸಿ, ಸೊಂಟ ಹಿಂದಕ್ಕೆ ಹಾಕಿ, ಬೆನ್ನು ನೇರ, ಕೈಗಳು ಮೈಯ ಪಕ್ಕ. ಕವರ್ ಸ್ಥಾನದಿಂದ ನುಗ್ಗಿ ಡ್ಯಾಶ್ ಹೊಡೆದು ರೈಡರ್‌ನನ್ನು ಹೊರದಬ್ಬುವವನೂ ಇದೇ ನಿಲುವಿನಿಂದ ನೆಲ ಒದೆಯುತ್ತಾನೆ. ರೈಡರ್ ಹಿಡಿತದಿಂದ ಕಿತ್ತುಕೊಂಡು ಮಧ್ಯಗೆರೆಗೆ ಚಾಚುವಾಗ ಕೆಲಸ ಮಾಡುವುದೂ ಇದೇ ತೊಡೆ, ಇದೇ ಪೃಷ್ಠ. ಹೆಕ್ಸ್ ಬಾರ್ ಎತ್ತುವ ನಿಲುವು ಇದಕ್ಕೆ ತೀರ ಹತ್ತಿರದ್ದು.

ನೇರ ಬಾರನ್ನು ನೆಲದಿಂದ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಭಾರ ಮೊಣಗಂಟಿನ ಮುಂದಿರುತ್ತದೆ. ಅದು ಮೈಯಿಂದ ಎರಡು ಬೆರಳು ದೂರ ಸರಿದರೂ ಕೆಳಬೆನ್ನಿನ ಮೇಲೆ ಬೀಳುವ ಒತ್ತಡ ಏರುತ್ತದೆ. ಹೆಕ್ಸ್ ಬಾರ್‌ನಲ್ಲಿ ಭಾರ ಪಾದದ ನೇರಕ್ಕೆ, ಮೈಯ ಎರಡೂ ಪಕ್ಕ ಇರುತ್ತದೆ. ಬೆನ್ನಿನ ಪಾಲು ಇಳಿದು ಮೊಣಕಾಲಿನ ಪಾಲು ಏರುತ್ತದೆ, ಅದೇ ತೂಕವನ್ನು ಹೆಚ್ಚು ವೇಗವಾಗಿ ಎತ್ತಲೂ ಆಗುತ್ತದೆ. ಬಾರ್ ಹೆಗಲ ಮೇಲಿಟ್ಟು ಕುಳಿತೇಳುವ ಬ್ಯಾಕ್ ಸ್ಕ್ವಾಟ್ ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ರ‍್ಯಾಕ್ ಬೇಕು, ಸುರಕ್ಷೆಯ ಅಡ್ಡಕಂಬಿ ಬೇಕು, ಹೊಸಬರ ಹಿಂದೆ ಒಬ್ಬ ನಿಲ್ಲಬೇಕು. ಸಾಲದ್ದಕ್ಕೆ ಕಬಡ್ಡಿಯವರ ಭುಜ ಸೀಸನ್ ಮುಗಿಯುವಷ್ಟರಲ್ಲಿ ಒಂದಲ್ಲ ಒಂದು ನೋವಿನಲ್ಲಿರುತ್ತದೆ. ಬಾರನ್ನು ಹೆಗಲ ಹಿಂದೆ ಹಿಡಿಯಲು ಕೈಯೇ ತಿರುಗುವುದಿಲ್ಲ. ಹೆಕ್ಸ್ ಬಾರ್ ಎತ್ತಲಾಗದಿದ್ದರೆ ಕೆಳಗಿಟ್ಟರೆ ಮುಗಿಯಿತು.

ಕಲಿಸಲು ಬೇಕಾಗುವ ಸಮಯವೂ ಲೆಕ್ಕಕ್ಕೆ ಬರಬೇಕು. ನೇರ ಬಾರ್‌ನಲ್ಲಿ 12 ಜನರ ಬೆನ್ನು ಸರಿಯಾಗಿ ನಿಲ್ಲಿಸಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಹೆಕ್ಸ್ ಬಾರ್‌ನ ಮೇಲಿನ ಹಿಡಿಯಲ್ಲಿ ಎರಡು ಸಂಜೆ ಸಾಕು. 22 ವಾರದ ಗಡುವಿನಲ್ಲಿ ಇದು ಸಣ್ಣ ಉಳಿತಾಯವಲ್ಲ.

ಕೊರತೆಯೂ ಇದೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ ಇದರಿಂದ ಸಿಗುವ ಕೆಲಸ ಕಡಿಮೆ. ಬೋನಸ್ ಗೆರೆಗೆ ಕಾಲು ಎಸೆಯುವವನಿಗೆ ಮೊದಲು ಕೈಕೊಡುವ ಸ್ನಾಯು ಅದೇ. ಹಾಗಾಗಿ ಹೆಕ್ಸ್ ಬಾರ್ ಒಂದನ್ನೇ ನಂಬಿ ಮಳೆಗಾಲ ಕಳೆದರೆ ಡಿಸೆಂಬರ್‌ನಲ್ಲಿ ತೊಡೆ ಹಿಡಿದುಕೊಂಡು ಕುಳಿತುಕೊಳ್ಳಬೇಕಾಗುತ್ತದೆ. ಇದಕ್ಕೆ ಮದ್ದು ಮುಂದಿದೆ, ಅದಕ್ಕೆ ಖರ್ಚೇ ಇಲ್ಲ.

ಕೊಳ್ಳುವಾಗ ನೋಡಬೇಕಾದ್ದು

ದೇಶದಲ್ಲಿ ಕ್ರೀಡಾ ಸಾಮಾನಿನ ದೊಡ್ಡ ಕೇಂದ್ರಗಳು ಮೀರತ್ ಮತ್ತು ಜಲಂಧರ್. ಆನ್‌ಲೈನಿನಲ್ಲಿ ಒಂದೇ ಚಿತ್ರಕ್ಕೆ ನಾಲ್ಕು ಹೆಸರು ಅಂಟಿಸಿ ಮಾರುತ್ತಾರೆ. ಹೆಸರಿಗಿಂತ ಅಳತೆ ಕೇಳುವುದು ಮೇಲು.

ಮೊದಲನೆಯದು ಹಿಡಿಯ ದಪ್ಪ. 28ರಿಂದ 32 ಮಿಮೀ ಇರಬೇಕು. ಅಗ್ಗದ ಬಾರ್‌ಗಳಲ್ಲಿ ಪೈಪಿನ ತುಂಡನ್ನೇ ಬೆಸೆದು 38 ಮಿಮೀ ಮಾಡಿರುತ್ತಾರೆ. ‘ಕಬಡ್ಡಿಗೆ ಹಿಡಿತ ಬೇಕಲ್ಲವೇ, ದಪ್ಪ ಇದ್ದರೆ ಒಳ್ಳೆಯದೇ’ ಅನ್ನುವ ಮಾತು ಕೇಳಿಬರುತ್ತದೆ. ಅಲ್ಲ. ದಪ್ಪ ಹಿಡಿಯಲ್ಲಿ ಕಾಲು ದಣಿಯುವ ಮುಂಚೆ ಬೆರಳು ಬಿಡುತ್ತದೆ, 140 ಕೆಜಿ ಎತ್ತಬಲ್ಲವನು 110ಕ್ಕೇ ನಿಲ್ಲುತ್ತಾನೆ. ಹಿಡಿತದ ಅಭ್ಯಾಸ ಬೇರೆಯೇ ಮಾಡಬೇಕು. ಹಿಡಿಯ ಮೇಲಿನ ಒರಟು ಗೀರನ್ನೂ ಬೆರಳಲ್ಲಿ ಸವರಿ ನೋಡಿ. ಕೈಗೆ ತಾಕಿದರೂ ಗೊತ್ತಾಗದಷ್ಟು ನುಣುಪಾಗಿದ್ದರೆ ಮಳೆಗಾಲದ ಬೆವರಿಗೆ ಜಾರುತ್ತದೆ.

ಎರಡನೆಯದು ಎರಡು ಎತ್ತರದ ಹಿಡಿ. ಮೇಲಿನ ಹಿಡಿ ಹೊಸಬರಿಗೆ ಮತ್ತು ಉದ್ದ ಕಾಲಿನವರಿಗೆ, ಕೆಳಗಿನದು ಪಳಗಿದವರಿಗೆ. ಬಾರ್ ಮಗುಚಿ ಹಾಕಿದರೆ ಒಂದು ಇನ್ನೊಂದಾಗುತ್ತದೆ. ಒಂದೇ ಎತ್ತರದ ಚಪ್ಪಟೆ ಬಾರ್ ತುಸು ಅಗ್ಗ, ಆದರೆ ಆರು ಅಡಿಯ ಹುಡುಗ ಅದನ್ನು ಹಿಡಿಯಲು ಬೆನ್ನು ಬಗ್ಗಿಸಲೇಬೇಕು.

ಮೂರನೆಯದನ್ನು ಅಂಗಡಿಯವರೂ ಹೇಳುವುದಿಲ್ಲ: ಪ್ಲೇಟು ಹಾಕುವ ತೋಳಿನ ಉದ್ದ. ಎಷ್ಟೋ ಹೆಕ್ಸ್ ಬಾರ್‌ಗಳಲ್ಲಿ ಇದು 25 ಸೆಂಮೀ ದಾಟುವುದಿಲ್ಲ. ರಬ್ಬರ್ ಚೂರು ಒತ್ತಿ ಮಾಡಿದ ಅಗ್ಗದ ಬಂಪರ್ ಪ್ಲೇಟು ತುಂಬ ದಪ್ಪ. ಒಂದು ಬದಿಗೆ 20 ಕೆಜಿಯ ಎರಡು ಹಾಕುವಷ್ಟರಲ್ಲಿ ತೋಳು ತುಂಬುತ್ತದೆ, ಪ್ಲೇಟು ಜಾರದಂತೆ ತಡೆಯುವ ಕಾಲರ್ ಸಿಕ್ಕಿಸಲು ಜಾಗ ಉಳಿಯುವುದಿಲ್ಲ. ಅಲ್ಲಿಗೆ ಬಾರ್ 100 ಕೆಜಿ ಆಚೆಗೆ ಹೋಗುವುದೇ ಇಲ್ಲ. ಕಾಲರ್ ಇಲ್ಲದೆ ಎತ್ತಿದರೆ ಒಂದು ಬದಿ ತುಸು ಇಳಿದರೂ ಪ್ಲೇಟು ಜಾರಿ ಪಕ್ಕದವನ ಕಾಲ ಮೇಲೆ. 35 ಸೆಂಮೀ ತೋಳಿದ್ದರೆ ಚಿಂತೆಯಿಲ್ಲ.

ನಾಲ್ಕನೆಯದು ತೂಕ ಮತ್ತು ಸಮತೋಲ. ಮಾರುಕಟ್ಟೆಯಲ್ಲಿ 15ರಿಂದ 30 ಕೆಜಿವರೆಗಿನ ಹೆಕ್ಸ್ ಬಾರ್‌ಗಳಿವೆ. ಬರೆದಿರುವ ತೂಕ ನಂಬಬೇಡಿ. ಅಡಿಕೆ ತೂಗುವ ತಕ್ಕಡಿಗೆ ಹಾಕಿ, ಸಿಕ್ಕ ಅಂಕಿಯನ್ನು ಪೇಂಟಿನಲ್ಲಿ ಬಾರ್ ಮೇಲೇ ಬರೆಯಿರಿ. ಆಮೇಲೆ ಎರಡೂ ಹಿಡಿಯ ಸರಿ ಮಧ್ಯಕ್ಕೆ ಎರಡೆರಡು ಬೆರಳು ಹಾಕಿ ಎತ್ತಿ. ಬಾರ್‌ನ ಮುಂಭಾಗ ಕೆಳಕ್ಕೆ ಬಾಗಿದರೆ ಹಿಡಿಗಳನ್ನು ನಡುಗೆರೆ ಬಿಟ್ಟು ಬೆಸೆದಿದ್ದಾರೆ ಎಂದರ್ಥ. ಭಾರ ಹಾಕಿದಂತೆ ಬಾಗು ಹೆಚ್ಚುತ್ತದೆ, ಎತ್ತುವವನು ಗೊತ್ತಿಲ್ಲದೇ ಮುಂಗೈ ತಿರುಚಿ ಸರಿದೂಗಿಸುತ್ತಾನೆ. ವಾಪಸು ಕಳಿಸಲು ಇಷ್ಟು ಕಾರಣ ಸಾಕು.

ಕೊನೆಗೆ ಬೆಸುಗೆ. ಆರೂ ಮೂಲೆಯಲ್ಲಿ ಬೆಸುಗೆ ಸುತ್ತಲೂ ಹರಿದಿರಬೇಕು. ನಾಲ್ಕು ಚುಕ್ಕೆ ಹಾಕಿ ಮೇಲೆ ಪುಟ್ಟಿ ಬಳಿದು ಪೌಡರ್ ಕೋಟ್ ಹೊಡೆದದ್ದು ಬೇಗ ಬಾಯಿ ಬಿಡುತ್ತದೆ. ತೋಳು ಚೌಕಟ್ಟಿಗೆ ಸೇರುವಲ್ಲಿ ಉಗುರಿನಿಂದ ಕೆರೆದು ನೋಡಿದರೆ ಪುಟ್ಟಿ ಗೊತ್ತಾಗುತ್ತದೆ.

ಒಂದು ಬದಿ ತೆರೆದಿರುವ ಹೊಸ ಬಗೆಯ ಬಾರ್ ಕೂಡ ಸಿಗುತ್ತದೆ. ಅದರೊಳಗೆ ನಿಂತು ನಡೆಯಬಹುದು, ಲಂಜ್ ಹಾಕಬಹುದು, ಪ್ಲೇಟು ಬದಲಿಸಲು ಬಾರನ್ನು ವಾಲಿಸಿ ನಿಲ್ಲಿಸಬಹುದು. ಬೆಲೆ ಹೆಚ್ಚು, ಮೂಲೆಗಳ ಮೇಲೆ ಬೀಳುವ ಹೊರೆಯೂ ಹೆಚ್ಚು. ಬೆಸುಗೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಹಳೆಯ ಮುಚ್ಚಿದ ನಮೂನೆಯೇ ವಾಸಿ.

ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದಾದರೆ

ಆಗದ ಕೆಲಸವೇನಲ್ಲ. ತೋಳಿಗೆ 40 ಎನ್‌ಬಿ (ನಾಮಿನಲ್ ಬೋರ್, ಪೈಪಿನ ಒಳಅಳತೆ) ಹೆವಿ ಕ್ಲಾಸ್ ಎಂಎಸ್ (ಮೈಲ್ಡ್ ಸ್ಟೀಲ್) ಪೈಪು ಕೇಳಿ. ಅದರ ಹೊರವ್ಯಾಸ 48.3 ಮಿಮೀ, ಒಲಿಂಪಿಕ್ ಪ್ಲೇಟಿನ 50 ಮಿಮೀ ತೂತಿಗೆ ಸರಿಯಾಗಿ ಕೂರುತ್ತದೆ. ಒಂದು ಗಾತ್ರ ದೊಡ್ಡದಾದ 50 ಎನ್‌ಬಿ ತಂದರೆ ಪ್ಲೇಟು ಒಳಗೇ ಹೋಗುವುದಿಲ್ಲ. ‘ಎರಡಿಂಚು ಪ್ಲೇಟಿಗೆ ಎರಡಿಂಚು ಪೈಪು’ ಎಂದು ತಂದು ತಲೆ ಚಚ್ಚಿಕೊಳ್ಳುವವರು ಬಹಳ. ಪೈಪಿನ ಅಳತೆ ಒಳಗಿನದು, ಪ್ಲೇಟು ಕೂರುವುದು ಹೊರಗೆ. ಹಿಡಿಗೆ 28 ಅಥವಾ 30 ಮಿಮೀ ಗಟ್ಟಿ ಸರಳು ಹಾಕಿಸಿ, ಪೈಪು ಬೇಡ. ಎರಡು ಹಿಡಿಗಳ ನಡುವಿನ ಅಂತರ 62 ಸೆಂಮೀ ಆಸುಪಾಸು. ಚೌಕಟ್ಟಿನ ಒಳಗೆ ಮುಂದಿನಿಂದ ಹಿಂದಕ್ಕೆ 60 ಸೆಂಮೀಗಿಂತ ಕಡಿಮೆ ಇದ್ದರೆ ಜಿಗಿಯುವಾಗ ಮೊಣಗಂಟಿಗೆ ಬಡಿಯುತ್ತದೆ. ತೋಳುಗಳು ತಿರುಗುವಂತಿರಬೇಕು ಎಂದೇನೂ ಇಲ್ಲ. ಕ್ಲೀನ್, ಸ್ನ್ಯಾಚ್ ಮಾಡುವ ಬಾರ್‌ಗೆ ಬೇರಿಂಗ್ ಬೇಕು, ಇದಕ್ಕೆ ಬೇಡ.

ಎರಡು ತೋಳುಗಳ ನಡುಗೆರೆ ಒಂದೇ ನೇರಕ್ಕೆ ಬರುವಂತೆ ದಾರ ಕಟ್ಟಿ ಬೆಸೆಯಲು ಹೇಳಿ. ಕಿಟಕಿ ಗ್ರಿಲ್ ಮಾಡುವ ಕಣ್ಣಿಗೆ ಅರ್ಧ ಸೆಂಮೀ ಆಚೀಚೆ ದೊಡ್ಡದಲ್ಲ. ಇಲ್ಲಿ ಅದು ದೊಡ್ಡದು.

ಪ್ಲೇಟು: 150 ಕೆಜಿ ಯಾಕೆ

ಹಿರಿಯರ ಪುರುಷರ ಕಬಡ್ಡಿಯಲ್ಲಿ ದೇಹತೂಕದ ಮಿತಿ 85 ಕೆಜಿ. ತಂಡದ ಅತಿ ಬಲಿಷ್ಠ ಆಟಗಾರ ಅದರ ಎರಡು ಪಟ್ಟು ಎತ್ತಿದರೆ 170. ಬಾರ್ 20 ಕೆಜಿ ಎಂದುಕೊಂಡರೆ ಪ್ಲೇಟು 150. ಇದಕ್ಕಿಂತ ಹೆಚ್ಚು ಕೊಂಡರೆ ಫೋಟೋಕ್ಕೆ ಚೆಂದ, ಅಷ್ಟೇ. ಒಡೆದು ಬರೆದರೆ 20 ಕೆಜಿಯ 4, 15ರ 2, 10ರ 2, 5ರ 2, ಎರಡೂವರೆಯ 4.

ಇದರಲ್ಲೊಂದು ಸೂಕ್ಷ್ಮವಿದೆ. ಬಾರ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನಿರ್ಧರಿಸುವುದು ಪ್ಲೇಟಿನ ವ್ಯಾಸ. ಪ್ರಮಾಣಿತ ದೊಡ್ಡ ಪ್ಲೇಟು 450 ಮಿಮೀ, ಹಾಗಾಗಿ ತೋಳಿನ ನಡುಗೆರೆ ನೆಲದಿಂದ 225 ಮಿಮೀ ಮೇಲೆ. ಎರಕದ ಸಣ್ಣ 10 ಕೆಜಿ ಪ್ಲೇಟು ಹಾಕಿದರೆ ಬಾರ್ ಮೂರು ನಾಲ್ಕು ಬೆರಳಿನಷ್ಟು ಕೆಳಗೆ ಕೂರುತ್ತದೆ. ಅಂದರೆ ತಂಡದ ಅತಿ ದುರ್ಬಲ ಹುಡುಗ, ಕಡಿಮೆ ತೂಕ ಎತ್ತುವವನು, ಎಲ್ಲರಿಗಿಂತ ಹೆಚ್ಚು ಬಗ್ಗಿ ಎತ್ತಬೇಕು! ಬೆನ್ನು ನೋವು ಶುರುವಾಗುವುದು ಅವನಿಂದಲೇ. ಆದ್ದರಿಂದ 10 ಕೆಜಿಯ ಜೋಡಿ ಮಾತ್ರ 450 ಮಿಮೀ ವ್ಯಾಸದ ಬಂಪರ್ ಆಗಿರಲಿ. ಅದು ಯಾವಾಗಲೂ ಒಳಗಡೆ ಮೊದಲು ಕೂರಲಿ, ಅದರ ಹೊರಗೆ ತೆಳು ಕಬ್ಬಿಣದ ಪ್ಲೇಟು ಏರಿಸಿಕೊಳ್ಳಿ. ಎತ್ತರವೂ ಸಿಕ್ಕಿತು, ತೋಳಿನ ಜಾಗವೂ ಉಳಿಯಿತು. ಒಂದು ಎಚ್ಚರಿಕೆ: ಬಂಪರ್ ಒಂದೇ ಜೋಡಿ ಇರುವಾಗ 150 ಕೆಜಿಯನ್ನು ಮೇಲಿಂದ ಬಿಟ್ಟರೆ ಅದರ ನಡುವಿನ ಉಕ್ಕಿನ ಬಳೆ ಸಡಿಲಾಗುತ್ತದೆ. ಕೆಳಗಿಡುವಾಗ ಕೈ ಬಿಡಬಾರದು ಎಂಬ ನಿಯಮ ಮೊದಲ ದಿನವೇ ಇರಲಿ.

ಪ್ಲೇಟುಗಳನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ, ಆದರೆ ತೂಗಿ ಕೊಡುವುದಿಲ್ಲ. 20 ಎಂದು ಅಚ್ಚಾದದ್ದು ಅಷ್ಟೇ ತೂಗಬೇಕೆಂದಿಲ್ಲ. ಎಲ್ಲವನ್ನೂ ತೂಗಿ, ಹತ್ತಿರದ ತೂಕದವನ್ನು ಜೋಡಿ ಮಾಡಿ ಒಂದೇ ಬಣ್ಣದ ಚುಕ್ಕೆ ಇಡಿ.

ತುಕ್ಕು

ಕರಾವಳಿಯಲ್ಲಿ ಜಿಮ್ ಸಾಮಾನಿನ ಆಯಸ್ಸು ತೀರ್ಮಾನಿಸುವುದು ಗಾಳಿ. ಕಪ್ಪು ಆಕ್ಸೈಡ್ ಲೇಪನ ನೋಡಲು ಚೆಂದ, ಮೊದಲ ಮಳೆಗಾಲಕ್ಕೇ ಕಂದು ತಿರುಗುತ್ತದೆ. ಪೌಡರ್ ಕೋಟ್ ಚೌಕಟ್ಟಿಗೆ ಆದೀತು, ಪ್ಲೇಟು ಉಜ್ಜುವ ತೋಳಿನ ಮೇಲೆ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಹಿಡಿ ಮತ್ತು ತೋಳಿಗೆ ಜಿಂಕ್ ಅಥವಾ ಹಾರ್ಡ್ ಕ್ರೋಮ್ ಇದ್ದದ್ದೇ ಒಳ್ಳೆಯದು.

ಆರೈಕೆ ವಾರಕ್ಕೆ ಐದು ನಿಮಿಷದ ಕೆಲಸ. ನೈಲಾನ್ ಬ್ರಶ್ಶಿನಲ್ಲಿ ಹಿಡಿಯ ಗೀರಿನೊಳಗಿನ ಬೆವರು, ಚಾಕ್ ಉಜ್ಜಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಹಾಕಿ, ಒಣಬಟ್ಟೆಯಲ್ಲಿ ಒರೆಸಿ. ಮನೆಯಲ್ಲಿ ತೆಂಗಿನೆಣ್ಣೆ ಧಾರಾಳ ಇದೆ ಎಂದು ಅದನ್ನು ಬಳಿಯುವವರಿದ್ದಾರೆ. ಅದು ಕಮಟು ಹಿಡಿದು ಅಂಟಾಗುತ್ತದೆ, ಧೂಳು ಎಳೆಯುತ್ತದೆ, ಮುಂದಿನವನ ಕೈ ಜಾರುತ್ತದೆ. ಪ್ಲೇಟನ್ನು ಕೆಂಪುಕಲ್ಲಿನ ಗೋಡೆಗೆ ಒರಗಿಸಿ ಇಡಬೇಡಿ. ಮಳೆಗಾಲದಲ್ಲಿ ಆ ಗೋಡೆ ನೀರು ಕುಡಿದಿರುತ್ತದೆ.

ಚಾಕ್ ಎಂದರೆ ಮೆಗ್ನೀಷಿಯಂ ಕಾರ್ಬೊನೇಟ್ ಗಟ್ಟಿ. ಕರಿಹಲಗೆಯ ಸೀಮೆಸುಣ್ಣ ಪುಡಿ ಮಾಡಿ ಹಚ್ಚಿದರೆ ಕೈ ಒಣಗುವುದಿಲ್ಲ, ಇನ್ನೂ ಜಾರುತ್ತದೆ.

ನೆಲ

ಶಾಲೆಯ ರಂಗಮಂದಿರ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೇಲೆ ಸೂರಿದೆ, ಗಾಳಿಯಿದೆ, ಸಿಮೆಂಟ್ ನೆಲವಿದೆ. ನೆಲ ಒಡೆದರೆ ಮುಖ್ಯೋಪಾಧ್ಯಾಯರು ಮರುದಿನವೇ ಬೀಗ ಹಾಕುತ್ತಾರೆ, ಅದೂ ಸರಿಯೇ. 18 ಮಿಮೀ ಪ್ಲೈವುಡ್ ಎರಡು ಪದರ, ಮೇಲೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡು. ಬಾರ್‌ನ ಎರಡು ತುದಿಗೂ 60 × 60 ಸೆಂಮೀ ಅಳತೆಯ ಒಂದೊಂದು ಸಾಕು. ನಡುವೆ ಆಟಗಾರ ನಿಲ್ಲುವ ಜಾಗಕ್ಕೂ ಅಷ್ಟೇ ದಪ್ಪದ ಹಲಗೆ ಹಾಕಿ. ಇಲ್ಲದಿದ್ದರೆ ಪ್ಲೇಟು ಎತ್ತರದಲ್ಲಿ, ಕಾಲು ತಗ್ಗಿನಲ್ಲಿ.

ಕಬಡ್ಡಿ ಮ್ಯಾಟಿನ ಮೇಲೆ ಭಾರ ಎತ್ತಬಾರದು. ಈ ಮಾತನ್ನು ಗೋಡೆಗೆ ಬರೆದು ಹಾಕಬೇಕು. ಫೋಮಿನ ಮ್ಯಾಟು ಪ್ಲೇಟಿನ ಅಂಚಿಗೆ ಕುಳಿ ಬೀಳುತ್ತದೆ, ಆ ಕುಳಿ ಮತ್ತೆ ಏಳುವುದಿಲ್ಲ, ಅದರ ಮೇಲೆ ಓಡುವವನ ಹಿಮ್ಮಡಿಗಂಟು ಹೊರಳುತ್ತದೆ. ಮೆತ್ತಗಿನ ನೆಲದ ಮೇಲೆ ಭಾರ ಎತ್ತುವುದೂ ತಪ್ಪೇ, ಪಾದ ಅಲ್ಲಾಡುತ್ತದೆ. ಇದೇ ಕಾರಣಕ್ಕೆ ದಪ್ಪ ಅಟ್ಟೆಯ ರನ್ನಿಂಗ್ ಶೂ ಬೇಡ. ತೆಳು ಅಟ್ಟೆಯ ಕಬಡ್ಡಿ ಶೂ ಅಥವಾ ಬರಿಗಾಲು.

ಜೊತೆಯ ಸಾಮಾನು

ಮರಳು ಚೀಲ ಕೊಳ್ಳಬೇಕಿಲ್ಲ. ಟೈರ್ ಅಂಗಡಿಯಿಂದ ಲಾರಿಯ ಹಳೆಯ ಟ್ಯೂಬ್ ತಂದು ಕತ್ತರಿಸಿ, ಒಂದು ತುದಿ ಎರಡು ಮಡಿಕೆ ಮಡಿಸಿ ಟ್ಯೂಬಿನದೇ ಪಟ್ಟಿಯಿಂದ ಬಿಗಿದು, ಪೂರ್ತಿ ಒಣಗಿಸಿದ ಮರಳು ತುಂಬಿ ಇನ್ನೊಂದು ತುದಿ ಕಟ್ಟಿದರೆ ಆಯಿತು. ಒಣ ಮರಳು ಲೀಟರಿಗೆ ಸುಮಾರು 1.6 ಕೆಜಿ, ಹಾಗಾಗಿ 30 ಕೆಜಿ ಚೀಲಕ್ಕೆ 19 ಲೀಟರ್ ಸಾಕು. ಹಸಿ ಮರಳು ತುಂಬಿದರೆ ತಿಂಗಳಲ್ಲಿ ನಾತ ಹೊಡೆಯುತ್ತದೆ. ಗಟ್ಟಿಯಾಗಿ ತುಂಬಬೇಡಿ, ನಾಲ್ಕರಲ್ಲೊಂದು ಪಾಲು ಖಾಲಿ ಇರಲಿ. ಚೀಲ ಕೈಯಲ್ಲಿ ಜಾರುತ್ತಾ, ಕುಸಿಯುತ್ತಾ ಇರಬೇಕು. ತೊಡೆ ಹಿಡಿಯುವ ತೈ ಹೋಲ್ಡ್‌ನಲ್ಲಿ ಸಿಕ್ಕ ರೈಡರ್ ಹಾಗೆಯೇ ಇರುತ್ತಾನೆ, ಕಬ್ಬಿಣದ ಸರಳಿನಂತೆ ನೆಟ್ಟಗೆ ನಿಲ್ಲುವುದಿಲ್ಲ. 20, 30, 40 ಕೆಜಿಯ ಒಂದೊಂದು ಮಾಡಿಕೊಳ್ಳಿ. ನೆಲದಿಂದ ಎದೆಗೆ ಅಪ್ಪಿ ಎತ್ತಿ 13 ಮೀಟರ್ ನಡೆಯುವುದು, ಅಂದರೆ ಅಂಕಣದ ಒಂದು ಉದ್ದ. ಹೆಕ್ಸ್ ಬಾರ್ ಬಿಟ್ಟರೆ ಈ ಪಟ್ಟಿಯಲ್ಲಿ ನಮ್ಮ ಎರಡನೇ ಆಯ್ಕೆ ಇದೇ, ಕಾರ್ನರ್ ಆಟಗಾರರಿಗಂತೂ ಮೊದಲನೆಯದಕ್ಕೇ ಸಮ. ಸಿಮೆಂಟ್ ಚೀಲದಲ್ಲಿ ತುಂಬಿದರೆ ಮೂರನೇ ದಿನಕ್ಕೆ ಹರಿಯುತ್ತದೆ.

ಉದ್ದನೆಯ ಲೂಪ್ ಬ್ಯಾಂಡುಗಳು 41 ಇಂಚಿನವು. ಕಿರಿದರಿಂದ ಅಗಲದವರೆಗೆ ಹಲವು ಅಳತೆ ಬರುತ್ತವೆ, ತಂಡಕ್ಕೆ ನಡುವಿನ ಎರಡು ಅಳತೆಯಲ್ಲಿ ಮೂರು ಮೂರು ಸಾಕು. ಪದರ ಪದರವಾಗಿ ಅಂಟಿಸಿದ ಲೇಟೆಕ್ಸ್ ಸವೆದಾಗ ಅಂಚಿನಲ್ಲಿ ಸಿಪ್ಪೆ ಏಳುತ್ತದೆ, ಮುನ್ಸೂಚನೆ ಸಿಗುತ್ತದೆ. ಅಚ್ಚಿನಲ್ಲಿ ಒಮ್ಮೆಗೇ ಹೊಯ್ದದ್ದು ಸಣ್ಣ ಬಿರುಕಿನಿಂದ ಥಟ್ಟನೆ ಹರಿದು ಮುಖಕ್ಕೆ ಹೊಡೆಯುತ್ತದೆ. ಬಿಸಿಲು, ತಗಡಿನ ಮಾಡಿನ ಬಿಸಿ, ಎಣ್ಣೆ ಕೈ ಮೂರೂ ಲೇಟೆಕ್ಸಿಗೆ ಶತ್ರು. ಮಳೆಗಾಲದಲ್ಲಿ ಒಂದಕ್ಕೊಂದು ಅಂಟದಂತೆ ತುಸು ಟಾಲ್ಕಂ ಪೌಡರ್ ಉದುರಿಸಿ ನೇತುಹಾಕಿ. ಕತ್ತಿನ ಅಭ್ಯಾಸಕ್ಕೂ ಇದೇ ಬ್ಯಾಂಡು ಸಾಕು. ತಲೆಯ ಸುತ್ತ ಹಾಕಿ, ಕತ್ತು ಅಲ್ಲಾಡಿಸದೆ ನಾಲ್ಕು ದಿಕ್ಕಿಗೂ 15 ಸೆಕೆಂಡ್ ತಡೆದು ನಿಲ್ಲುವುದು. ಕೈ ಕೈ ಹಿಡಿದವರ ಚೈನ್ ಟ್ಯಾಕಲ್‌ನಡಿ ಸಿಗುವ ರೈಡರ್‌ಗೆ ಇದು ಬೇಕೇ ಬೇಕು. ಸರಪಳಿ ನೇತಾಡುವ ಕತ್ತಿನ ಪಟ್ಟಿ ಕೊಳ್ಳಬೇಡಿ.

ಹಳೆಯ ಕಾರಿನ ಟೈರ್, 8 ಮೀಟರ್ ಹಗ್ಗ, ಸೊಂಟಕ್ಕೆ ಅಗಲ ಪಟ್ಟಿ. ಮಳೆ ಬಿಟ್ಟ ಹೊತ್ತಲ್ಲಿ ಎಳೆದು ಓಡಲು ಇದಕ್ಕಿಂತ ಬೇರೆ ಸ್ಲೆಡ್ ಬೇಡ. ಒಂದೇ ತೊಂದರೆ, ಹಸಿ ಮಣ್ಣಿನಲ್ಲಿ ಘರ್ಷಣೆ ದಿನಕ್ಕೊಂದು ಥರ. ಆದ್ದರಿಂದ ಟೈರ್ ಮೇಲಿಟ್ಟ ಕಲ್ಲಿನ ತೂಕದಿಂದ ಅಳೆಯಬೇಡಿ, ಸಮಯದಿಂದ ಅಳೆಯಿರಿ. ಬರಿದೇ 10 ಮೀಟರ್ ಓಡಲು 2 ಸೆಕೆಂಡ್ ಬೇಕಾದವನು ಟೈರ್ ಎಳೆದು 3 ಸೆಕೆಂಡ್ ತೆಗೆದುಕೊಂಡರೆ ಭಾರ ಸರಿಯಾಗಿದೆ. 4 ಆದರೆ ಕಲ್ಲು ಇಳಿಸಿ.

ಮೆಡಿಸಿನ್ ಬಾಲ್ ಬೇಕಿದ್ದರೆ ಪುಟಿಯದ, ಸತ್ತ ಚೆಂಡು, 5 ಅಥವಾ 6 ಕೆಜಿ. ಚರ್ಮ ಹೊಲಿದದ್ದು ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಬೂಷ್ಟು ಹಿಡಿಯುತ್ತದೆ.

ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ಮಾಡಲು ಬಾಗಿಲ ಸಂದಿಗೆ ಸಿಕ್ಕಿಸುವ ಪಟ್ಟಿ ಮಾರುತ್ತಾರೆ. ದುಡ್ಡು ದಂಡ. ಮೊಣಕಾಲೂರಿ ಕೂತವನ ಹಿಮ್ಮಡಿಯನ್ನು ಜೊತೆಗಾರ ಗಟ್ಟಿಯಾಗಿ ಒತ್ತಿ ಹಿಡಿದರೆ ಆಯಿತು. ಸೊಂಟ ಮಡಿಸದೆ, ಮೈ ನೇರವಾಗಿಟ್ಟು, ಆದಷ್ಟು ನಿಧಾನ ಮುಂದಕ್ಕೆ ಬೀಳುವುದು, ತಡೆಯಲಾಗದಾಗ ಕೈಯೂರಿ ಮೇಲೆ ತಳ್ಳಿಕೊಳ್ಳುವುದು. ಫುಟ್ಬಾಲಿನಲ್ಲಿ ಇದು ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಿದ ಅಭ್ಯಾಸ. ಪ್ರಸಿದ್ಧ 10 ವಾರದ ಕ್ರಮ ಹೀಗಿದೆ: ಮೊದಲ ವಾರ ಒಂದೇ ದಿನ, 5 ಸಲದಂತೆ 2 ಸೆಟ್ (ಸುತ್ತು). ಎರಡನೇ ವಾರ ಎರಡು ದಿನ, 6ರಂತೆ 2. ಮೂರನೇ ವಾರದಿಂದ ಮೂರು ದಿನ, 6ರಿಂದ 8ರಂತೆ 3 ಸೆಟ್, ನಾಲ್ಕನೇ ವಾರ 8ರಿಂದ 10. ಐದರಿಂದ ಹತ್ತನೇ ವಾರದವರೆಗೆ 12, 10, 8ರ ಮೂರು ಸೆಟ್. ಎಡವುವುದು ಆರಂಭದಲ್ಲೇ. ಮೊದಲ ದಿನವೇ 30 ಮಾಡಿಸಿದರೆ ನಾಲ್ಕು ದಿನ ಮೆಟ್ಟಿಲು ಇಳಿಯಲಾಗದು, ಐದನೇ ದಿನ ಯಾರೂ ಬರುವುದಿಲ್ಲ. ತೊಡೆಸಂದಿಗೆ ಇದರ ಜೋಡಿ ಕೋಪನ್‌ಹೇಗನ್. ಜೊತೆಗಾರ ಮೇಲಿನ ಕಾಲು ಹಿಡಿಯಬೇಕು, ಪಕ್ಕಕ್ಕೆ ಮಲಗಿ ಸೊಂಟ ಎತ್ತಿ ಕೆಳಗಿನ ಕಾಲನ್ನು ಮೇಲಿನದಕ್ಕೆ ಸೇರಿಸಬೇಕು, ಬದಿಗೆ 6ರಿಂದ ಶುರು.

ಬೇಡದ್ದು: ಅಜಿಲಿಟಿ ಲ್ಯಾಡರ್. ಅದು ಕಲಿಸುವುದು ಹಗ್ಗದ ಮನೆಗಳಲ್ಲಿ ಕಾಲಿಡಲು, ಕಬಡ್ಡಿಯಲ್ಲಿ ಕಾಲು ಚಲಿಸುವುದು ಎದುರಿನವನ ಭುಜ ನೋಡಿ. ಓಟದ ಪ್ಯಾರಾಚೂಟ್ ಬೇಡ. ತೂಕದ ಜಾಕೆಟ್ ಒಬ್ಬರ ಬೆವರು ಇನ್ನೊಬ್ಬರಿಗೆ ದಾಟಿಸುತ್ತದೆ, ಮಳೆಗಾಲದಲ್ಲಿ ಒಣಗುವುದಿಲ್ಲ. ಲೆಗ್ ಎಕ್ಸ್‌ಟೆನ್ಶನ್ ಮೆಷಿನ್ ಒಮ್ಮೆಗೆ ಒಬ್ಬನಿಗೆ, ಅದೂ ಕೂತು. 12 ಜನ ಸಾಲು ನಿಂತರೆ ಗಂಟೆ ಅಲ್ಲೇ ಮುಗಿಯುತ್ತದೆ.

ಒಂದು ಗಂಟೆ, ಒಂದು ಬಾರ್, 12 ಜನ

ಒಂದೇ ಹೆಕ್ಸ್ ಬಾರ್ ಸಾಲುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಸಾಲುತ್ತದೆ. 10 ನಿಮಿಷ ಮೈ ಬೆಚ್ಚಗಾಗಿಸಿ, ಮೂರು ಮೂರರಂತೆ ನಾಲ್ಕು ಗುಂಪು ಮಾಡಿ, ನಾಲ್ಕು ಕಡೆ 12 ನಿಮಿಷದಂತೆ ತಿರುಗಿಸಿ. 48 ನಿಮಿಷ, ಒಟ್ಟು 58. ಮೊದಲ ಕಡೆ ಹೆಕ್ಸ್ ಬಾರ್, ಎರಡನೆಯದು ಮರಳು ಚೀಲ, ಮೂರನೆಯದು ನಾರ್ಡಿಕ್ ಮತ್ತು ಕೋಪನ್‌ಹೇಗನ್, ನಾಲ್ಕನೆಯದು ಪುಲ್ ಅಪ್ ಮತ್ತು ಹಿಡಿತ. ಪುಲ್ ಅಪ್ ಕಂಬಿಗೆ ಎರಡು ಬೈರಾಸು (ಟವೆಲ್) ನೇತುಹಾಕಿ ಅದನ್ನು ಹಿಡಿದು ಜೋತಾಡಿದರೆ ಆಂಕಲ್ ಹೋಲ್ಡ್‌ಗೆ ಬೇಕಾದ ಹಿಡಿತ ಅಲ್ಲೇ ಸಿಗುತ್ತದೆ.

ಬಾರ್ ಬಳಿ ನಿಮಿಷಕ್ಕೆ ಒಬ್ಬ ಎತ್ತಬೇಕು. ಐದು ಸಲ ಎತ್ತಲು 20 ಸೆಕೆಂಡ್, ಪ್ಲೇಟು ಬದಲಿಸಲು 40. 12 ನಿಮಿಷಕ್ಕೆ 12 ಸೆಟ್, ತಲಾ ನಾಲ್ಕು, ಪ್ರತಿಯೊಬ್ಬನಿಗೂ ಸೆಟ್ ನಡುವೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ವಿಶ್ರಾಂತಿ. ಈ ಲೆಕ್ಕ ಕೆಡುವುದು ಗುಂಪು ಮಾಡುವಾಗ. ರೈಡರ್‌ಗಳನ್ನು ಒಂದು ಕಡೆ, ಡಿಫೆಂಡರ್‌ಗಳನ್ನು ಒಂದು ಕಡೆ ಹಾಕಿದರೆ 80 ಎತ್ತುವವನೂ 150 ಎತ್ತುವವನೂ ಒಟ್ಟಿಗೆ ಬರುತ್ತಾರೆ, ಪ್ಲೇಟು ಬದಲಿಸುವುದರಲ್ಲೇ ಸಮಯ ಹೋಗುತ್ತದೆ. ಗುಂಪು ಬಲದ ಮೇಲೆ ಇರಲಿ. ಮೂವರ ನಡುವಿನ ಅಂತರ 20 ಕೆಜಿಗಿಂತ ಹೆಚ್ಚಾಗಬಾರದು.

ಬಾರ್ ಬಳಿ ಕಾಣುವ ತಪ್ಪುಗಳು ಬಹುತೇಕ ಮೂರೇ. ಒಂದು, ಚೌಕಟ್ಟಿನ ನಡುವೆ ನಿಲ್ಲದೆ ತುಸು ಮುಂದೆ ನಿಲ್ಲುವುದು. ಬಾರ್ ಹಿಂದಕ್ಕೆ ವಾಲಿ ಭಾರ ಹಿಮ್ಮಡಿಗೆ ಬೀಳುತ್ತದೆ. ಪಾದದ ನಡುಭಾಗ ಹಿಡಿಯ ನಡುವಿಗೆ ನೇರ ಬರುವಂತೆ ನೆಲದಲ್ಲಿ ಪೇಂಟಿನ ಗೆರೆ ಎಳೆದರೆ ಸರಿಹೋಗುತ್ತದೆ. ಎರಡು, ಸೊಂಟ ಮೊದಲು ಮೇಲೇರಿ ಎದೆ ಕೆಳಗೇ ಉಳಿಯುವುದು, ಅಂದರೆ ತೂಕ ಹೆಚ್ಚಾಗಿದೆ, 10 ಕೆಜಿ ಇಳಿಸಿ. ಮೂರು, ಮೇಲೆ ಬಂದ ಮೇಲೆ ಎದೆ ಸೆಟೆದು ಹಿಂದಕ್ಕೆ ಬಾಗುವುದು. ಯಾರೋ ವಿಡಿಯೊ ನೋಡಿ ಕಲಿತದ್ದು. ನೆಟ್ಟಗೆ ನಿಂತರೆ ಸಾಕು.

22 ವಾರದ ಹಂಚಿಕೆ

ಮೊದಲ ಎರಡು ವಾರ ಬಾರ್ ಮುಟ್ಟಬೇಡಿ. ಸೀಸನ್ನಿನಲ್ಲಿ ಊದಿದ ಬೆರಳು, ಹಿಮ್ಮಡಿಗಂಟು ಇಳಿಯಲಿ. ಮೂರರಿಂದ ಆರನೇ ವಾರ ಮೇಲಿನ ಹಿಡಿಯಲ್ಲಿ 8ರಂತೆ 3 ಸೆಟ್, ವಾರಕ್ಕೆ ಎರಡು ದಿನ. ಏಳರಿಂದ ಹನ್ನೆರಡು 5ರಂತೆ 4 ಸೆಟ್, ಎತ್ತುವ ವೇಗ ಕುಸಿಯದಿರುವ ತನಕ ವಾರಕ್ಕೆ 5 ಕೆಜಿ ಏರಿಕೆ. ನಾಲ್ಕು ವಾರಕ್ಕೊಮ್ಮೆ ಸೆಟ್‌ಗಳನ್ನು ಎರಡಕ್ಕೆ ಇಳಿಸಿ, ತೂಕ ಅಷ್ಟೇ ಇರಲಿ. ಒಂದೇ ಸಲ ಎಷ್ಟು ಎತ್ತಬಲ್ಲ ಎಂದು ಪಣ ಕಟ್ಟಿ ಪರೀಕ್ಷಿಸುವುದು ಬೇಡ. ಐದು ಸಲ ಎತ್ತಿದ ತೂಕವನ್ನು 1.17ರಿಂದ ಗುಣಿಸಿದರೆ ಹತ್ತಿರದ ಅಂದಾಜು ಸಿಗುತ್ತದೆ. 120 ಐದು ಸಲ ಎತ್ತಿದವನ ಮಿತಿ ಸುಮಾರು 140.

ಹದಿಮೂರರಿಂದ ಹದಿನೆಂಟು 3ರಂತೆ 5 ಸೆಟ್ ಭಾರದ್ದು ಒಂದು ದಿನ, ಖಾಲಿ ಬಾರ್ ಹಿಡಿದು ಜಿಗಿಯುವುದು ಇನ್ನೊಂದು ದಿನ. ಜಿಗಿತಕ್ಕೆ ಖಾಲಿ ಬಾರ್‌ನ 20 ಕೆಜಿಯೇ ಸಾಕು, ನೆಲಕ್ಕೆ ಇಳಿಯುವಾಗ ಸದ್ದು ಕಡಿಮೆ ಇರಬೇಕು. 4ರಂತೆ 4 ಸೆಟ್ ಮುಗಿಸಿ ನಿಲ್ಲಿಸಿ, ಜಿಗಿತ ದಣಿವಿಗೆ ಅಲ್ಲ. ಕೊನೆಯ ನಾಲ್ಕು ವಾರ ಮ್ಯಾಟಿನ ಆಟ ಹೆಚ್ಚಿದಂತೆ ಬಾರ್‌ನ ಕೆಲಸ ಅರ್ಧಕ್ಕಿಳಿಯಲಿ. ರೈಡ್ ಒಂದು 30 ಸೆಕೆಂಡಿನದು, ಓಟದ ಅಭ್ಯಾಸವೂ ಅಷ್ಟೇ ತುಂಡು ತುಂಡಾಗಿರಲಿ. ಇಷ್ಟೆಲ್ಲ ಮಾಡಿ ಬಲಿತ ಹುಡುಗ ಅಕ್ಟೋಬರ್‌ನಲ್ಲಿ 88 ಕೆಜಿ ತೂಗಿದರೆ 85ರ ಪಂದ್ಯಾಟದಲ್ಲಿ ಹೊರಗೆ ಕೂರಬೇಕು. 80 ದಾಟಿದವರನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ ಬರೆದಿಡಿ.

ದೀಪಾವಳಿ ಬಂತೆಂದು ಬಾರನ್ನು ಅಟ್ಟಕ್ಕೆ ಏರಿಸಬೇಡಿ. ಪಂದ್ಯಾಟದ ದಿನಗಳಲ್ಲೂ ವಾರಕ್ಕೆ ಒಂದು ದಿನ, ಶನಿವಾರ ಭಾನುವಾರದ ಆಟದಿಂದ ದೂರದ ಬುಧವಾರ, 3ರಂತೆ 2 ಸೆಟ್ ಮಳೆಗಾಲದ ತೂಕದಲ್ಲೇ ಎತ್ತಿದರೆ ಗಳಿಸಿದ ಬಲ ಬಹುಪಾಲು ಉಳಿಯುತ್ತದೆ. ತೂಕ ಇಳಿಸಿ 15 ಸಲ ಎತ್ತಿದರೆ ಉಳಿಯುವುದಿಲ್ಲ.